ಬಾಡಿಗೆ ಪೂರ್ತಿ ಸರ್ಕಾರವೇ ಕೊಡುತ್ತಾ? ಊರಲ್ಲಿ ಸೈಟು ಇದ್ದರೆ ಏನು ಗತಿ?

ಪ್ರಶ್ನೆ: ಮೇಡಂ, ನಾವು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಊರಿನಲ್ಲಿದ್ದೇವೆ. ಹೋದ ವರ್ಷ ನನಗೂ ಹೆಂಡತಿಗೂ ಐಎಲ್‌ಆರ್ (ಇಲ್ಲಿ ಕಾಯಂ ಆಗಿ ಇರುವ ಅನುಮತಿ) ಸಿಕ್ಕಿತು. ಆರು ವಾರದ ಹಿಂದೆ ನನ್ನ ಕೆಲಸ ಹೋಯಿತು. ಹೆಂಡತಿ ಕೇರ್ ಹೋಮ್‌ನಲ್ಲಿ ವಾರಕ್ಕೆ 12 ಗಂಟೆ ದುಡಿಯುತ್ತಾಳೆ. ಮಗನಿಗೆ 9, ಆಗಸ್ಟ್‌ನಲ್ಲಿ 10 ತುಂಬುತ್ತೆ. ಮಗಳಿಗೆ 6. ಮೂರು ಬೆಡ್‌ರೂಮಿನ ಬಾಡಿಗೆ ಮನೆ, ತಿಂಗಳಿಗೆ 1,350 ಪೌಂಡ್. ಬ್ಯಾಂಕಿನಲ್ಲಿ 9,000 ಪೌಂಡ್ ಇದೆ. ತುಮಕೂರಿನಲ್ಲಿ ತಮ್ಮನ ಜೊತೆ ಜಂಟಿಯಾಗಿ ತೆಗೆದ ಸೈಟು ಇದೆ, ಈಗ 18 ಲಕ್ಷ ಬಾಳಬಹುದು. ಹಾಸನದ ಮನೆಯೂ ನನ್ನ ಹೆಸರಿಗೇ ಇದೆ, ಅಲ್ಲಿ ಅಪ್ಪ ಅಮ್ಮ ಇದ್ದಾರೆ, ಅಪ್ಪನಿಗೆ 72. ಬಾಡಿಗೆ ಪೂರ್ತಿ ಸರ್ಕಾರ ಕೊಡುತ್ತೆ ಅಂತ ಒಬ್ಬ ಗೆಳೆಯ ಹೇಳಿದ. ಬೆನಿಫಿಟ್, ಅಂದರೆ ಸರ್ಕಾರದ ನೆರವಿನ ಹಣ, ಮುಟ್ಟಿದರೆ ಮುಂದೆ ಇಲ್ಲಿನ ಪಾಸ್‌ಪೋರ್ಟ್ ಸಿಗಲ್ಲ ಅಂತ ಇನ್ನೊಬ್ಬ ಹೆದರಿಸಿದ. "ನಮ್ಮನೆಗೇ ಬಂದುಬಿಡಿ, ಬಾಡಿಗೆ ರಸೀದಿ ನಾನು ಬರೆದುಕೊಡ್ತೀನಿ" ಅಂತ ಅಕ್ಕ–ಭಾವ ಕರೆಯುತ್ತಿದ್ದಾರೆ. ಬೆನಿಫಿಟ್ ವಿಷಯ ಓನರ್‌ಗೆ ಗೊತ್ತಾದರೆ ಖಾಲಿ ಮಾಡಿಸುತ್ತಾರಾ? ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು "ಆರು ವಾರದ ಹಿಂದೆ" ಅನ್ನೋ ಮಾತು. ನಮ್ಮವರಲ್ಲಿ ಇದು ತುಂಬಾ ಸಾಮಾನ್ಯ. ಕೈಯಲ್ಲಿರೋ ದುಡ್ಡಿನಲ್ಲಿ ಎರಡು ತಿಂಗಳು ತಳ್ಳೋಣ, ಅಷ್ಟರಲ್ಲಿ ಕೆಲಸ ಸಿಗುತ್ತೆ, ಯಾಕೆ ಸುಮ್ನೆ ಸರ್ಕಾರದ ಮುಂದೆ ಕೈಚಾಚೋದು ಅಂತ. ಆದರೆ ಕೆಲಸ ಇಲ್ಲದವರಿಗೆ, ಕಮ್ಮಿ ಆದಾಯದವರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ನೆರವು ಯೂನಿವರ್ಸಲ್ ಕ್ರೆಡಿಟ್, ಅಂದರೆ ಯುಸಿ, ಅರ್ಜಿ ಹಾಕಿದ ದಿನದಿಂದ ಮಾತ್ರ ಲೆಕ್ಕ. ಹಿಂದಿನ ದಿನಗಳಿಗೆ ಕೊಡೋದು ಹೆಚ್ಚೆಂದರೆ ಒಂದು ತಿಂಗಳು. ಅದೂ ಕಾಯಿಲೆಯಂಥ ಕೆಲವೇ ಕಾರಣಗಳಿಗೆ. "ಗೊತ್ತಿರಲಿಲ್ಲ" ಅನ್ನೋದು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಪೂರ್ತಿ ಓದಿ, ಆದರೆ ಅರ್ಜಿಯನ್ನು ನಾಳೆಗೆ ಇಡಬೇಡಿ.

ಪಾಸ್‌ಪೋರ್ಟ್ ಭಯವನ್ನು ಮೊದಲೇ ತೆಗೆದುಬಿಡೋಣ. ವೀಸಾದ ಮೇಲೆ "ಪಬ್ಲಿಕ್ ಫಂಡ್ಸ್ (ಸರ್ಕಾರದ ನೆರವು) ಇಲ್ಲ" ಎಂಬ ಷರತ್ತು ಇರುವವರು ಯುಸಿ ಆಗಲಿ, ಕೌನ್ಸಿಲ್ (ಸ್ಥಳೀಯ ಆಡಳಿತ) ಕೊಡುವ ಮನೆ ಆಗಲಿ ಪಡೆದರೆ ಅದು ಷರತ್ತಿನ ಉಲ್ಲಂಘನೆ. ಆ ಭಯ ಅಲ್ಲಿಂದ ಹುಟ್ಟಿದ್ದು. ಎಂಟು ವರ್ಷ ಆ ಷರತ್ತಿನಲ್ಲೇ ಬದುಕಿದವರಿಗೆ ಐಎಲ್‌ಆರ್ ಬಂದ ಮೇಲೂ ಅದು ಬಿಟ್ಟುಹೋಗಲ್ಲ. ನಿಮಗೆ ಈಗ ಆ ಷರತ್ತಿಲ್ಲ. ಅರ್ಹತೆ ಇದ್ದು, ನಿಜ ಹೇಳಿ ಪಡೆದ ಹಣ ಪೌರತ್ವದ ಅರ್ಜಿಗೆ ಅಡ್ಡ ಬರಲ್ಲ. ಸುಳ್ಳು ಹೇಳಿ ಪಡೆದದ್ದು ಖಂಡಿತ ಬರುತ್ತೆ. ಭಾವನ ರಸೀದಿಯ ಮಾತಿಗೆ ನಾನು ಆಮೇಲೆ ಬರೋದು ಅದಕ್ಕೇ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಬಾಡಿಗೆ ಪೂರ್ತಿ ಕೊಡುತ್ತಾರಾ?

ಇಲ್ಲ. ಖಾಸಗಿ ಬಾಡಿಗೆದಾರರ ವಿಷಯದಲ್ಲಿ ಸರ್ಕಾರ ನಿಮ್ಮ ಬಾಡಿಗೆಯನ್ನು ನೋಡೋದಕ್ಕಿಂತ ಹೆಚ್ಚಾಗಿ ತನ್ನದೇ ಒಂದು ನಂಬರನ್ನು ನೋಡುತ್ತದೆ. ಅದರ ಹೆಸರು ಲೋಕಲ್ ಹೌಸಿಂಗ್ ಅಲೋವೆನ್ಸ್. ದೇಶವನ್ನು ಬಾಡಿಗೆ ಮಾರುಕಟ್ಟೆಯ ಪ್ರಕಾರ ಏರಿಯಾಗಳಾಗಿ ಮಾಡಿದ್ದಾರೆ. ಪ್ರತಿ ಏರಿಯಾದಲ್ಲೂ ಶೇರಿಂಗ್ ರೂಮಿನಿಂದ ಹಿಡಿದು ನಾಲ್ಕು ಬೆಡ್‌ರೂಮಿನವರೆಗೆ ಒಂದೊಂದು ಮಿತಿ. ನಿಮ್ಮ ಬಾಡಿಗೆ ಮಿತಿಯ ಒಳಗಿದ್ದರೆ ಬಾಡಿಗೆಯಷ್ಟು ಲೆಕ್ಕಕ್ಕೆ ಹಿಡಿಯುತ್ತಾರೆ. ಮೀರಿದರೆ ಮಿತಿಯಷ್ಟು ಮಾತ್ರ. ಉಳಿದದ್ದು ನಿಮ್ಮ ಜೇಬಿನಿಂದ.

ಈ ಮಿತಿ ಯಾವಾಗಲೂ ಬಾಡಿಗೆಗಿಂತ ಕಮ್ಮಿ ಯಾಕೆ ಅಂತ ನನ್ನ ಮೇಜಿನ ಮುಂದೆ ಕೂತವರೆಲ್ಲ ಕೇಳುತ್ತಾರೆ. 2008ರಲ್ಲಿ ಇದು ಶುರುವಾದಾಗ ಏರಿಯಾದ ಮಧ್ಯದ ಬಾಡಿಗೆಯನ್ನೇ ಮಿತಿ ಮಾಡಿದ್ದರು. ಅಂದರೆ ಅರ್ಧದಷ್ಟು ಮನೆಗಳು ಕೈಗೆಟುಕುತ್ತಿದ್ದವು. 2011ರಲ್ಲಿ ಅದನ್ನು ಕೆಳಗಿನ ಶೇ. 30ಕ್ಕೆ ಇಳಿಸಿದರು. ಹತ್ತು ಮನೆ ಇದ್ದರೆ ಅಗ್ಗದ ಮೂರು ಮಾತ್ರ. ಆಮೇಲೆ 2016ರಿಂದ ನಾಲ್ಕು ವರ್ಷ ಮುಟ್ಟಲೇ ಇಲ್ಲ. 2020ರಲ್ಲಿ ಏರಿಸಿದರು, ಮತ್ತೆ ನಾಲ್ಕು ವರ್ಷ ಹಾಗೇ ಬಿಟ್ಟರು. 2024ರ ಏಪ್ರಿಲ್‌ನಲ್ಲಿ ಮತ್ತೆ ಶೇ. 30ರ ಮಟ್ಟಕ್ಕೆ ತಂದರು, 2025ರಲ್ಲಿ ಮತ್ತೆ ಏರಿಸಲಿಲ್ಲ. ಓನರ್‌ಗಳು ಮಾತ್ರ ಯಾವ ವರ್ಷವೂ ಸುಮ್ಮನಿರಲಿಲ್ಲ. ನಿಮ್ಮ ಬಾಡಿಗೆಗೂ ಸರ್ಕಾರದ ನಂಬರಿಗೂ ನಡುವಿನ ಕಂದಕ ನಿಮ್ಮ ದುಂದುವೆಚ್ಚದಿಂದ ಆದದ್ದಲ್ಲ.

ಎಷ್ಟು ಬೆಡ್‌ರೂಮಿನ ಮಿತಿ ಸಿಗುತ್ತೆ ಅನ್ನೋದನ್ನೂ ಅವರೇ ತೀರ್ಮಾನಿಸುತ್ತಾರೆ. ಗಂಡ ಹೆಂಡತಿಗೆ ಒಂದು ರೂಮು. 16 ತುಂಬಿದವರಿಗೆ ತಲೆಗೊಂದು. 16ರ ಒಳಗಿನ ಇಬ್ಬರು ಹುಡುಗರು ಅಥವಾ ಇಬ್ಬರು ಹುಡುಗಿಯರು ಒಂದರಲ್ಲಿ. 10ರ ಒಳಗಿನ ಇಬ್ಬರು ಮಕ್ಕಳಾದರೆ ಹುಡುಗ, ಹುಡುಗಿ ಅಂತ ನೋಡದೆ ಒಂದೇ ರೂಮು. ನಿಮ್ಮ ಮಗನಿಗೆ 9, ಮಗಳಿಗೆ 6. ಹಾಗಾಗಿ ನೀವು ಮೂರು ಬೆಡ್‌ರೂಮಿನ ಮನೆಯಲ್ಲಿದ್ದರೂ ಸದ್ಯಕ್ಕೆ ಸಿಗೋದು ಎರಡು ಬೆಡ್‌ರೂಮಿನ ಮಿತಿ. ಮಗನಿಗೆ 10 ತುಂಬಿದ ಮೇಲೆ ಮೂರಕ್ಕೆ ಏರುತ್ತದೆ. ಆಗಸ್ಟ್ ನೆನಪಿಟ್ಟುಕೊಳ್ಳಿ. ಲೆಕ್ಕಕ್ಕೆಂದು ಎರಡು ಬೆಡ್‌ರೂಮಿನ ಮಿತಿ 1,000, ಮೂರರದ್ದು 1,200 ಎಂದು ಇಟ್ಟುಕೊಳ್ಳೋಣ. ಈಗ ತಿಂಗಳಿಗೆ 350 ಪೌಂಡ್ ಕೈಯಿಂದ ಹಾಕಬೇಕು, ಆಗಸ್ಟ್ ನಂತರ 150. ನಿಮ್ಮ ಏರಿಯಾದ ನಿಜವಾದ ಅಂಕಿಯನ್ನು ಪೋಸ್ಟ್‌ಕೋಡ್ ಹಾಕಿ ಸರ್ಕಾರದ ವೆಬ್‌ಸೈಟಿನಲ್ಲಿ ಎರಡು ನಿಮಿಷದಲ್ಲಿ ನೋಡಬಹುದು. ಇವತ್ತೇ ನೋಡಿ.

ಇನ್ನು ಸೈಟು. ಇಲ್ಲಿ ನಿಧಾನವಾಗಿ ಹೋಗೋಣ. ನಮ್ಮ ಜನ ಎಡವೋದು ಇಲ್ಲೇ.

ಯುಸಿಗೆ ಆಸ್ತಿಯ ಮಿತಿ ಇದೆ. ಗಂಡ ಹೆಂಡತಿ ಇಬ್ಬರದ್ದೂ ಸೇರಿ 16,000 ಪೌಂಡ್ ದಾಟಿದರೆ ಒಂದು ಪೈಸೆಯೂ ಇಲ್ಲ. 6,000ದವರೆಗೆ ತೊಂದರೆ ಇಲ್ಲ. ನಡುವೆ ಇದ್ದರೆ, 6,000ದ ಮೇಲಿನ ಪ್ರತಿ 250 ಪೌಂಡಿಗೆ ತಿಂಗಳಿಗೆ 4.35 ಪೌಂಡ್ ಕಳೆಯುತ್ತಾರೆ. ಈ ಲೆಕ್ಕದಲ್ಲಿ ಇಂಗ್ಲೆಂಡ್, ಇಂಡಿಯಾ ಅನ್ನೋ ಭೇದವಿಲ್ಲ. ತುಮಕೂರಿನ ಸೈಟು, ಊರಿನ ಬ್ಯಾಂಕಿನ ಎಫ್‌ಡಿ, ಎಲ್ಲವೂ ಆಸ್ತಿಯೇ. "ಅದು ಅಲ್ಲಿದೆ, ಇಲ್ಲಿಯವರಿಗೆ ಯಾಕೆ" ಅನ್ನೋದು ನಾನು ಕೇಳಿರೋ ತಪ್ಪು ಸಲಹೆಗಳಲ್ಲೇ ದುಬಾರಿಯಾದದ್ದು.

ಆದರೆ ನಿಮ್ಮ ವಿಷಯದಲ್ಲಿ ಹೆದರುವಷ್ಟೇನಿಲ್ಲ. ಹಾಸನದ ಮನೆ ಮೊದಲು ನೋಡೋಣ. ಪಿಂಚಣಿ ವಯಸ್ಸು ದಾಟಿದ ಹತ್ತಿರದ ಸಂಬಂಧಿಕರು ವಾಸವಿರುವ ಮನೆಯನ್ನು ಲೆಕ್ಕಕ್ಕೆ ಹಿಡಿಯಲ್ಲ. ಅಪ್ಪನಿಗೆ 72. ಆ ಮನೆ ಬಿಟ್ಟಿತು. ಹಿಡಿಯಲ್ಲ ಅಂದ ಮಾತ್ರಕ್ಕೆ ಹೇಳಬೇಕಿಲ್ಲ ಅಂತಲ್ಲ, ಹೇಳಲೇಬೇಕು. ಹೆಂಡತಿಯ ಮಾಂಗಲ್ಯ, ಬಳೆ, ಮದುವೆಯಲ್ಲಿ ಬಂದ ಒಡವೆ ಸ್ವಂತ ಬಳಕೆಯ ವಸ್ತು, ಅವೂ ಬಿಟ್ಟವು. (ಹೂಡಿಕೆಗೆ ಅಂತ ಲಾಕರಿನಲ್ಲಿಟ್ಟ ಚಿನ್ನದ ಬಿಸ್ಕತ್ತನ್ನು ಒಡವೆ ಅಂತ ವಾದಿಸೋಕೆ ಹೋಗಬೇಡಿ.)

ಉಳಿದದ್ದು ಸೈಟು. 18 ಲಕ್ಷ, ಪೌಂಡಿಗೆ 120 ರೂಪಾಯಿ ಹಿಡಿದರೆ 15,000. ಬೇರೆ ದಾಖಲೆ ಇಲ್ಲದಿದ್ದರೆ ಜಂಟಿ ಆಸ್ತಿಯಲ್ಲಿ ಸಮಪಾಲು ಅಂತ ತಿಳಿಯುತ್ತಾರೆ. ನಿಮ್ಮದು 7,500. ಮಾರುವ ಖರ್ಚಿಗೆ ಅಂತ ಶೇ. 10 ಕಳೆದರೆ 6,750. ಅದಕ್ಕೆ ಬ್ಯಾಂಕಿನ 9,000 ಸೇರಿಸಿ: 15,750. ಮಿತಿಗೆ 250 ಪೌಂಡ್ ಒಳಗೆ! 6,000ದ ಮೇಲೆ 9,750 ಇದೆ, ಅದರಲ್ಲಿ 250ರ ತುಂಡುಗಳು 39. ತಿಂಗಳಿಗೆ 169.65 ಪೌಂಡ್ ಕಡಿತ. ಬ್ಯಾಂಕಿನ ಹಣ ಬಾಡಿಗೆಗೆ, ಊಟಕ್ಕೆ ಕರಗಿದ ಹಾಗೆ ಕಡಿತವೂ ಕಮ್ಮಿಯಾಗುತ್ತೆ, ಆದರೆ ಆಗಾಗ ಅವರಿಗೆ ತಿಳಿಸಬೇಕು. ರೂಪಾಯಿ ಬೆಲೆ ಸ್ವಲ್ಪ ಏರಿದರೂ, ಸೈಟು 19 ಲಕ್ಷ ಅಂತ ಆದರೂ ನೀವು ಮಿತಿ ದಾಟುತ್ತೀರಿ. ಹಾಗಾಗಿ ಬೆಲೆಗೆ ದಾಖಲೆ ಇಟ್ಟುಕೊಳ್ಳಿ. ಖಾತೆಯ ಪ್ರತಿ, ಕ್ರಯಪತ್ರ, ಪಕ್ಕದಲ್ಲೇ ಇತ್ತೀಚೆಗೆ ಮಾರಾಟವಾದ ಸೈಟಿನ ಬೆಲೆ. ಸಬ್‌ ರಿಜಿಸ್ಟ್ರಾರ್ ಆಫೀಸಿನ ಗೈಡೆನ್ಸ್ ವ್ಯಾಲ್ಯೂ ಒಂದನ್ನೇ ತೋರಿಸಿದರೆ ಸಾಲದು. ಇವರು ಕೇಳೋದು ಮಾರುಕಟ್ಟೆಯಲ್ಲಿ ಸಿಗೋ ಬೆಲೆ.

"ಹಾಗಾದರೆ ಸೈಟನ್ನು ತಮ್ಮನ ಹೆಸರಿಗೆ ಬರೆದುಬಿಡಲಾ?" ನೀವು ಕೇಳಿಲ್ಲ, ಆದರೆ ಯಾರಾದರೂ ಈ ಉಪಾಯ ಹೇಳೇ ಹೇಳುತ್ತಾರೆ. ಬೇಡ. ಬೆನಿಫಿಟ್ ಸಿಗಲಿ ಅಂತ ಆಸ್ತಿ ದಾಟಿಸಿದರೆ, ಅದು ಇನ್ನೂ ನಿಮ್ಮ ಹತ್ತಿರವೇ ಇದೆ ಅಂತ ಲೆಕ್ಕ ಹಾಕುವ ಅಧಿಕಾರ ಅವರಿಗಿದೆ. ಸೈಟೂ ಹೋಯಿತು, ಯುಸಿಯೂ ಇಲ್ಲ. ಸಾಲ ತೀರಿಸಿದರೆ ಅದು ಬೇರೆ, ಅದನ್ನು ದಾಟಿಸಿದ್ದು ಅಂತ ನೋಡಲ್ಲ.

ಭಾವನ ಮನೆ. ಅವರ ಪ್ರೀತಿ ದೊಡ್ಡದು, ರಸೀದಿ ಮಾತ್ರ ಬೇಡ. ಮನೆಯ ಓನರ್ ಹತ್ತಿರದ ಸಂಬಂಧಿಕರಾಗಿದ್ದು ಅದೇ ಮನೆಯಲ್ಲಿ ವಾಸವಿದ್ದರೆ, ನೀವು ನಿಜವಾಗಿ ಬಾಡಿಗೆ ಕೊಟ್ಟರೂ ಯುಸಿಯಲ್ಲಿ ಬಾಡಿಗೆಯ ಭಾಗ ಸಿಗಲ್ಲ. ಅಕ್ಕನ ಗಂಡ ಆ ಪಟ್ಟಿಯಲ್ಲೇ ಬರುತ್ತಾರೆ. ಭಾವನಿಗೆ ಬೇರೆ ಒಂದು ಫ್ಲ್ಯಾಟ್ ಇದ್ದು, ಅದನ್ನು ನಿಮಗೆ ಅಗ್ರಿಮೆಂಟ್ ಮಾಡಿ, ಬೇರೆಯವರಿಗೆ ಕೊಟ್ಟಂತೆಯೇ ಬಾಡಿಗೆಗೆ ಕೊಟ್ಟರೆ ಸಿಗಬಹುದು. ಆಗಲೂ ತಿಂಗಳು ತಿಂಗಳು ಬ್ಯಾಂಕಿನಲ್ಲಿ ಹಣ ಹೋಗಿರಬೇಕು, ಕೊಡದಿದ್ದರೆ ಅವರು ಕೇಳುವಂತಿರಬೇಕು. ಏನೂ ಆಗದೆ ಕೊನೆಗೆ ಮನೆ ಬಿಡಲೇಬೇಕಾದರೆ, ಬಾಡಿಗೆ ತೋರಿಸದೆ ಅಕ್ಕನ ಮನೆಗೆ ಹೋಗಿ ಇರಬಹುದು. ನಿಮ್ಮಿಬ್ಬರ ಮತ್ತು ಮಕ್ಕಳ ಮೊತ್ತ ಆಗಲೂ ಬರುತ್ತೆ.

ಇನ್ನೊಂದು ಲೆಕ್ಕ ನಿಮ್ಮ ಪತ್ರದಲ್ಲಿ ಇರಲೇ ಇಲ್ಲ, ಆದರೆ ನಿಮ್ಮ ಮನೆಗೆ ಅದೇ ದೊಡ್ಡ ಹೊಡೆತ ಆಗಬಹುದು. ಅದು ಬೆನಿಫಿಟ್ ಕ್ಯಾಪ್, ಅಂದರೆ ಒಂದು ಮನೆಗೆ ಸಿಗುವ ಒಟ್ಟು ಬೆನಿಫಿಟ್‌ನ ಮೇಲ್ಮಿತಿ. ಲಂಡನ್ನಿನ ಹೊರಗೆ, ದುಡಿಮೆ ಇಲ್ಲದ ಅಥವಾ ತೀರಾ ಕಮ್ಮಿ ಇರುವ ಕುಟುಂಬಕ್ಕೆ ವರ್ಷಕ್ಕೆ ಒಟ್ಟು 22,020 ಪೌಂಡ್ ಮಾತ್ರ. ತಿಂಗಳಿಗೆ 1,835. ನಿಮ್ಮಿಬ್ಬರ ಮೊತ್ತ, ಮಕ್ಕಳದ್ದು, ಬಾಡಿಗೆ, ಜೊತೆಗೆ ಚೈಲ್ಡ್ ಬೆನಿಫಿಟ್, ಎಲ್ಲ ಕೂಡಿದರೆ ಕಡಿತಗಳ ನಂತರವೂ ನೀವು ಅದನ್ನು ಸುಲಭವಾಗಿ ದಾಟುತ್ತೀರಿ. ದಾಟಿದಷ್ಟನ್ನು ಕತ್ತರಿಸುತ್ತಾರೆ. ಸಮಾಧಾನದ ವಿಷಯ ಏನೆಂದರೆ, ಹಿಂದಿನ 12 ತಿಂಗಳೂ ನೀವು ಚೆನ್ನಾಗಿ ದುಡಿದಿದ್ದರೆ ಕೆಲಸ ಹೋದಾಗಿನಿಂದ 9 ತಿಂಗಳು ಈ ಕ್ಯಾಪ್ ಹಾಕಲ್ಲ. ಅದಕ್ಕಿಂತ ಮುಖ್ಯವಾದದ್ದು: ಇಬ್ಬರ ದುಡಿಮೆ ಸೇರಿ ವಾರಕ್ಕೆ 16 ಗಂಟೆಯ ಕನಿಷ್ಠ ಕೂಲಿಯಷ್ಟಾದರೆ ಕ್ಯಾಪ್ ಪೂರ್ತಿ ಹೋಗುತ್ತೆ. ನಿಮ್ಮ ಹೆಂಡತಿ 12 ಗಂಟೆ ಮಾಡುತ್ತಾರೆ. ವಾರಕ್ಕೆ ಇನ್ನೊಂದೇ ಶಿಫ್ಟ್ ಸಿಕ್ಕಿದರೆ 17, 18 ಆಗುತ್ತೆ.

ಹಿಂದೆ ಇದೇ ಥರದ ಒಂದು ಕುಟುಂಬ ಬಂದಿತ್ತು. ಆಕೆ ಶಾಲೆಯ ಅಡುಗೆಮನೆಯಲ್ಲಿ ವಾರಕ್ಕೆ 15 ಗಂಟೆ. ಗಂಡ ಪ್ಲಾಸ್ಟಿಕ್ ಕವರಿನ ತುಂಬಾ ಒಡೆಯದ ಕಂದು ಲಕೋಟೆಗಳನ್ನು ತಂದು ಮೇಜಿನ ಮೇಲೆ ಸುರಿದರು. ಹೆದರಿಕೆಗೆ ಒಂದನ್ನೂ ತೆರೆದಿರಲಿಲ್ಲ. ಮೂರನೆಯದೋ ನಾಲ್ಕನೆಯದೋ ಲಕೋಟೆಯಲ್ಲಿ ಕ್ಯಾಪ್ ಹಾಕಿದ್ದೇವೆ ಅನ್ನೋ ಕಾಗದ ಇತ್ತು. ಐದು ತಿಂಗಳಿಂದ ಹಣ ಕತ್ತರಿಸಿ ಬರುತ್ತಿತ್ತು, ಬಾಡಿಗೆ ಬಾಕಿ ಬೆಳೆಯುತ್ತಿತ್ತು. ಆಕೆ ಮ್ಯಾನೇಜರನ್ನು ಕೇಳಿ ಎರಡು ಗಂಟೆ ಜಾಸ್ತಿ ಮಾಡಿಸಿಕೊಂಡರು. ಮುಂದಿನ ಲೆಕ್ಕದಲ್ಲೇ ಕ್ಯಾಪ್ ಹೋಯಿತು. ಎರಡು ಗಂಟೆ ಅಷ್ಟೇ.

ಹೆಂಡತಿ ಹೆಚ್ಚು ದುಡಿದರೆ ಯುಸಿ ಪೂರ್ತಿ ಹೋಗುತ್ತೆ ಅನ್ನೋದೂ ನಿಜವಲ್ಲ. ಮಕ್ಕಳಿರುವ ಮನೆಗೆ, ಬಾಡಿಗೆ ನೆರವು ಬರುತ್ತಿದ್ದರೆ, ತಿಂಗಳ ದುಡಿಮೆಯಲ್ಲಿ 400 ಪೌಂಡಿಗೆ ಸ್ವಲ್ಪ ಮೇಲಿನವರೆಗೆ ಮುಟ್ಟಲ್ಲ. ಅದರ ಮೇಲೆ ದುಡಿದ ಪ್ರತಿ ಪೌಂಡಿಗೆ 55 ಪೆನ್ಸ್ ಕಳೆಯುತ್ತಾರೆ. 45 ಪೆನ್ಸ್ ನಿಮ್ಮದೇ.

ಓನರ್ ವಿಷಯ. ಅರ್ಜಿ ಹಾಕೋಕೆ ಅವರ ಒಪ್ಪಿಗೆ ಬೇಕಿಲ್ಲ. ಬಾಡಿಗೆಯ ಹಣ ಸಾಮಾನ್ಯವಾಗಿ ನಿಮ್ಮ ಖಾತೆಗೇ ಬರುತ್ತೆ, ಕಟ್ಟೋದು ನೀವು. "ಬೆನಿಫಿಟ್‌ನವರಿಗೆ ಮನೆ ಇಲ್ಲ" ಅಂತ ಸಾರಾಸಗಟಾಗಿ ಹೇಳೋದು ಕಾನೂನಿಗೆ ವಿರುದ್ಧ ಅಂತ 2020ರಲ್ಲೇ ಯಾರ್ಕ್ ಕೌಂಟಿ ಕೋರ್ಟ್ ಹೇಳಿದೆ. ಇಂಗ್ಲೆಂಡಿನಲ್ಲಿ ರೆಂಟರ್ಸ್ ರೈಟ್ಸ್ ಕಾಯ್ದೆಯಿಂದಾಗಿ ಕಾರಣ ಹೇಳದೆ ಖಾಲಿ ಮಾಡಿಸುವ ದಾರಿ 2026ರ ಮೇ 1ರಿಂದ ಮುಚ್ಚಿದೆ. ಬಾಡಿಗೆ ಏರಿಸೋದೂ ವರ್ಷಕ್ಕೆ ಒಂದೇ ಸಲ, ಎರಡು ತಿಂಗಳ ನೋಟಿಸ್ ಕೊಟ್ಟು. ಜಾಸ್ತಿ ಅನ್ನಿಸಿದರೆ ಟ್ರಿಬ್ಯೂನಲ್‌ಗೆ ಹೋಗಬಹುದು. ಇಷ್ಟಾದರೂ ಬಾಡಿಗೆ ಬಾಕಿ ಉಳಿಸಿಕೊಂಡರೆ ರಕ್ಷಣೆ ಕಮ್ಮಿ. ಮೂರು ತಿಂಗಳ ಬಾಕಿ ಆದರೆ ನಾಲ್ಕು ವಾರದ ನೋಟಿಸ್ ಕೊಟ್ಟು ಕೋರ್ಟಿಗೆ ಹೋಗಬಹುದು. ಬರಬೇಕಾದ ಯುಸಿ ಇನ್ನೂ ಬಾರದ ಕಾರಣಕ್ಕೆ ಆದ ಬಾಕಿಯನ್ನು ಆ ಮೂರು ತಿಂಗಳಿಗೆ ಸೇರಿಸುವಂತಿಲ್ಲ. ನನ್ನ ಅನುಭವದಲ್ಲಿ, ಮೊದಲೇ ಫೋನ್ ಮಾಡಿ "ಅರ್ಜಿ ಹಾಕಿದ್ದೇನೆ, ಇಂಥ ತಾರೀಖಿಗೆ ಬರುತ್ತೆ, ಅಲ್ಲಿವರೆಗೆ ಇಷ್ಟು ಕೊಡ್ತೀನಿ" ಅಂದ ಬಾಡಿಗೆದಾರರ ಜೊತೆ ಓನರ್‌ಗಳು ಅಷ್ಟು ಬೇಗ ಜಗಳಕ್ಕೆ ಇಳಿಯಲ್ಲ. ಫೋನ್ ಎತ್ತದವರ ಮೇಲೇ ಅವರಿಗೆ ಸಿಟ್ಟು.

ಹಣ ಬರೋಕೆ ಐದು ವಾರ ಕಾಯಬೇಕು. ನಡುವೆ ಅಡ್ವಾನ್ಸ್ ಕೇಳಬಹುದು. ಅದು ಸಾಲ. ಬಡ್ಡಿ ಇಲ್ಲ, ಆದರೆ ಮುಂದಿನ 24 ತಿಂಗಳೊಳಗೆ ಯುಸಿಯಿಂದಲೇ ಮುರಿದುಕೊಳ್ಳುತ್ತಾರೆ. ನಿಮಗೆ 9,000 ಇರುವಾಗ ನಾನಾಗಿದ್ದರೆ ತೆಗೆದುಕೊಳ್ಳುತ್ತಿರಲಿಲ್ಲ. ಅದರ ಬದಲು ನ್ಯೂ ಸ್ಟೈಲ್ ಜೆಎಸ್‌ಎಗೆ (ಕೆಲಸ ಹುಡುಕುತ್ತಿರುವವರಿಗೆ ಕೊಡುವ ಭತ್ಯೆ) ಅರ್ಜಿ ಹಾಕಿ. ಹಿಂದಿನ ವರ್ಷಗಳಲ್ಲಿ ನೀವು ಕಟ್ಟಿದ ನ್ಯಾಷನಲ್ ಇನ್ಶೂರೆನ್ಸ್ ಮೇಲೆ ಸಿಗುವ ಹಣ ಅದು. ಉಳಿತಾಯ, ಸೈಟು, ಹೆಂಡತಿಯ ಸಂಬಳ ಯಾವುದನ್ನೂ ನೋಡಲ್ಲ. ಹದಿನೈದು ದಿನಕ್ಕೊಮ್ಮೆ, ಹೆಚ್ಚೆಂದರೆ ಆರು ತಿಂಗಳು. ಯುಸಿ ಬಂದಾಗ ಅಷ್ಟನ್ನು ಅಲ್ಲಿ ಕಳೆಯುತ್ತಾರೆ. ಆದರೆ ನಾಳೆ ಸೈಟಿನ ಬೆಲೆ ನಿಮ್ಮನ್ನು 16,000 ದಾಟಿಸಿದರೂ ಇದು ನಿಲ್ಲಲ್ಲ. ಈ ನ್ಯೂ ಸ್ಟೈಲ್ ಜೆಎಸ್‌ಎ ಪಬ್ಲಿಕ್ ಫಂಡ್ ಪಟ್ಟಿಯಲ್ಲೂ ಇಲ್ಲ.

ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿ ಯುಸಿಯೊಳಗೆ ಬರಲ್ಲ, ಕೌನ್ಸಿಲ್‌ಗೆ ಬೇರೆಯೇ ಅರ್ಜಿ. ತುಂಬಾ ಜನ ಇದನ್ನು ಬಿಟ್ಟುಬಿಡುತ್ತಾರೆ. ಆ 350 ಪೌಂಡಿನ ಕೊರತೆಗೂ ಕೌನ್ಸಿಲ್ ಹತ್ತಿರ ನಿಧಿ ಇರುತ್ತೆ. ಇಷ್ಟು ವರ್ಷ ಅದನ್ನು ಡಿಸ್ಕ್ರೆಷನರಿ ಹೌಸಿಂಗ್ ಪೇಮೆಂಟ್ ಅನ್ನುತ್ತಿದ್ದರು. ಹೆಸರು ಬದಲಾಗುತ್ತಿರುತ್ತೆ, ನೀವು "ಬಾಡಿಗೆಯ ಕೊರತೆಗೆ ನೆರವು" ಅಂತ ಕೇಳಿ. ಇದು ಹಕ್ಕಲ್ಲ, ಅವರ ವಿವೇಚನೆ. ಸುಮ್ಮನೆ ಕಷ್ಟ ಅಂತ ಬರೆದರೆ ಸಾಲದು. "ಆಗಸ್ಟ್‌ನಲ್ಲಿ ಮಗನಿಗೆ 10 ತುಂಬುತ್ತೆ, ಮಿತಿ ಏರುತ್ತೆ, ಅಲ್ಲಿಯವರೆಗೆ ಮಾತ್ರ ಬೇಕು" ಅಂತ ಬರೆಯಿರಿ. ಕೊನೆಯ ದಿನ ಕಾಣುವ ಕಷ್ಟಕ್ಕೆ ಕೌನ್ಸಿಲ್‌ನವರು ಬೇಗ ಒಪ್ಪುತ್ತಾರೆ. ಅದೇ ಕಾರಣಕ್ಕೆ ಈಗ ಅವಸರದಲ್ಲಿ ಎರಡು ಬೆಡ್‌ರೂಮಿನ ಮನೆಗೆ ಓಡಬೇಡಿ. ಸಾಗಿಸೋ ಖರ್ಚು, ಹೊಸ ಡೆಪಾಸಿಟ್ಟು, ಮಕ್ಕಳ ಶಾಲೆ. ಮೂರು ತಿಂಗಳಿಗೋಸ್ಕರ ಅಷ್ಟು ಯಾಕೆ?

ಸ್ವಂತ ಮನೆ, ಮಾರ್ಟ್‌ಗೇಜ್ ಇರುವವರಿಗೆ ಈ ಬಾಡಿಗೆ ಲೆಕ್ಕ ಯಾವುದೂ ಅನ್ವಯಿಸಲ್ಲ. ಅವರಿಗೆ ಮೂರು ತಿಂಗಳ ಯುಸಿ ನಂತರ ಬಡ್ಡಿಗೆ ಮಾತ್ರ ನೆರವು ಸಿಗುತ್ತೆ, ಅದೂ 2018ರಿಂದ ಸಾಲದ ರೂಪದಲ್ಲಿ, ಮನೆಯ ಮೇಲೆ.

ಅರ್ಜಿಯನ್ನು ಇಬ್ಬರೂ ಒಟ್ಟಿಗೆ ಹಾಕಬೇಕು. ಅಗ್ರಿಮೆಂಟಿನ ಎಲ್ಲ ಪುಟಗಳನ್ನೂ ಕೊಡಿ, ಸಹಿ ಇರುವ ಪುಟವನ್ನು ಮರೆಯದೆ. ಆ ಒಂದು ಪುಟ ಇಲ್ಲದೆ ಬಾಡಿಗೆಯ ಭಾಗ ತಿಂಗಳುಗಟ್ಟಲೆ ನಿಂತಿದ್ದನ್ನು ನೋಡಿದ್ದೇನೆ. ಮೊದಲ ತೀರ್ಮಾನ ತಪ್ಪು ಅನ್ನಿಸಿದರೆ ಮರುಪರಿಶೀಲನೆಗೆ ಒಂದು ತಿಂಗಳೊಳಗೆ ಕೇಳಿ. ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಆರು ವಾರ ಹಾಸನಕ್ಕೆ ಹೋಗೋ ಯೋಚನೆ ಇದ್ದರೆ ಈ ವರ್ಷ ಬಿಡಿ. ದೇಶದ ಹೊರಗೆ ಒಂದು ತಿಂಗಳು ದಾಟಿದರೆ ಯುಸಿ ನಿಲ್ಲುತ್ತೆ. ಹತ್ತಿರದವರು ತೀರಿಕೊಂಡಾಗ ಇನ್ನೊಂದು ತಿಂಗಳು ಕೊಡಬಹುದು.

ಆಮೇಲೆ ಆಗಸ್ಟ್. ಮಗನ ಹುಟ್ಟಿದ ದಿನ ಅವರ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತೆ, ಮಿತಿ ತಾನಾಗಿಯೇ ಏರಬೇಕು. ಆದರೂ ಕೇಕ್ ಕತ್ತರಿಸಿದ ದಿನವೇ ನಿಮ್ಮ ಯುಸಿ ಜರ್ನಲ್‌ನಲ್ಲಿ (ಆನ್‌ಲೈನ್ ಖಾತೆಯಲ್ಲಿ ಅವರಿಗೆ ಸಂದೇಶ ಬರೆಯುವ ಜಾಗ) ಎರಡು ಸಾಲು ಬರೆದುಬಿಡಿ: ಮಗನಿಗೆ ಇಂದು 10 ತುಂಬಿತು, ಮೂರು ಬೆಡ್‌ರೂಮಿನ ಮಿತಿ ಅನ್ವಯಿಸಿ. ಮುಂದಿನ ಸ್ಟೇಟ್‌ಮೆಂಟ್ ಬಂದಾಗ ಹೌಸಿಂಗ್ ಅನ್ನೋ ಸಾಲಿನ ಅಂಕಿ ಬದಲಾಗಿದೆಯಾ ನೋಡಿ. ಬದಲಾಗಿಲ್ಲದಿದ್ದರೆ ಆ ಸ್ಟೇಟ್‌ಮೆಂಟ್ ತೆಗೆದುಕೊಂಡು ಹತ್ತಿರದ ಸಲಹಾ ಕೇಂದ್ರಕ್ಕೆ ಹೋಗಿ.